‘ದಿನ ತುಂಬದ ಮಗು’ ಇದೆ, ‘ಬೆಳವಣಿಗೆ ಸಾಲದ ಮಗು’ವಿಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ತಾಯಿಯ ತೂಕಕ್ಕೂ ಹುಟ್ಟುವ ಮಗುವಿನ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ಬಸುರಿಯರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ಕೆಲಸ ನಿಂತಿದೆ.

ಹುಟ್ಟಿದಾಗ 2.5 ಕಿಲೋಗಿಂತ ಕಡಿಮೆ ತೂಗಿದರೆ ‘ಕಡಿಮೆ ತೂಕದ ಮಗು’ ಅನ್ನುತ್ತೇವೆ. ಆದರೆ ತೂಕ ಕಮ್ಮಿಯಾಗಲು ಕಾರಣ ಎರಡು ಬಗೆ. 37 ವಾರ ತುಂಬುವ ಮುಂಚೆ ಹುಟ್ಟಿದ್ದು ಒಂದು. ಇದಕ್ಕೆ ‘ದಿನ ತುಂಬದ ಮಗು’ ಅನ್ನೋ ಮಾತು ಎಲ್ಲರಿಗೂ ಗೊತ್ತು. ‘ಅವಧಿಪೂರ್ವ ಶಿಶು’ ಬೇಡವೇ ಬೇಡ. ಇನ್ನೊಂದು, ಆ ವಾರಕ್ಕೆ ಎಷ್ಟು ಬೆಳೆದಿರಬೇಕೋ ಅಷ್ಟು ಹೊಟ್ಟೆಯೊಳಗೆ ಬೆಳೆದಿರದ ಮಗು. ಅದೇ ವಾರದಲ್ಲಿ ಹುಟ್ಟುವ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿಟ್ಟರೆ ಕೊನೆಯ ಹತ್ತರಲ್ಲಿ ಬರುವಂಥದ್ದು. ಕೆಲವು ಮಕ್ಕಳಿಗೆ ಎರಡೂ ಇರುತ್ತದೆ.

ಬಸುರಿಗೆ ಮುಂಚೆ ತಾಯಿಯ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ನೋಡುವ ಅಳತೆ) 18.5ಕ್ಕಿಂತ ಕೆಳಗಿದ್ದರೆ ಈ ಎರಡರ ಅಪಾಯವೂ ಜಾಸ್ತಿ. ಆರೈಕೆ ಮಾತ್ರ ಬೇರೆ ಬೇರೆ. ದಿನ ತುಂಬದ ಮಗುವಿಗೆ ಶ್ವಾಸಕೋಶ ಬಲಿಯದೆ ಉಸಿರಾಟದ ಚಿಂತೆ ಮೊದಲು. ದಿನ ತುಂಬಿಯೂ ಸಣ್ಣಗಿರುವ ಮಗುವಿಗೆ ಮೈ ತಣ್ಣಗಾಗುವುದು, ಸಕ್ಕರೆ ಇಳಿಯುವುದು ಮುಖ್ಯ ಚಿಂತೆ. ಹಾಗಾಗಿ ಎರಡಕ್ಕೂ ಒಂದೇ ಹೆಸರು ಸಾಲದು.

‘ಕುಂಠಿತ ಬೆಳವಣಿಗೆಯ ಶಿಶು’ ಅಂದರೆ ತಾಯಿ ಹೆದರುತ್ತಾಳೆ. ‘ಬಡಕಲು ಮಗು’ ತಪ್ಪು, ಇಂಥ ಮಕ್ಕಳೆಲ್ಲ ಬಡಕಲಾಗಿರುವುದಿಲ್ಲ. ಬಾಣಂತಿಯ ಮನಸ್ಸಿಗೂ ನೋವು. ಸದ್ಯಕ್ಕೆ ‘ವಾರಕ್ಕೆ ತಕ್ಕಷ್ಟು ಬೆಳೆಯದ ಮಗು’ ಅಂತ ಬರೆದಿದ್ದೇನೆ. ಉದ್ದವಾಯಿತು, ಅಲ್ವಾ?

ಇದರ ಎದುರು ಪದವೂ ಬೇಕು. ತಾಯಿಗೆ ಬೊಜ್ಜು ಅಥವಾ ಸಕ್ಕರೆ ಕಾಯಿಲೆ ಇದ್ದರೆ ಮಗು 4 ಕಿಲೋ ದಾಟಿ ಬೆಳೆಯುವ ಸಾಧ್ಯತೆ ಹೆಚ್ಚು. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಅವಳ ಇನ್ಸುಲಿನ್ ಹೋಗುವುದಿಲ್ಲ. ಸಕ್ಕರೆ ಜಾಸ್ತಿ ಬಂದಾಗ ಮಗುವೇ ಹೆಚ್ಚು ಇನ್ಸುಲಿನ್ ಮಾಡಿಕೊಂಡು ದಪ್ಪಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ಇದ್ದೇ ಇರುತ್ತದೆ. ಆಗ ಮಗುವಿನ ಸಕ್ಕರೆ ಸರ್ರನೆ ಇಳಿಯಬಹುದು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಭಯವೂ ಉಂಟು. ನಾವೋ ‘ಗುಂಡುಗುಂಡಾಗಿದೆ’ ಅಂತ ಹೊಗಳುತ್ತೇವೆ! ಎಚ್ಚರಿಕೆ ಹೇಳಬೇಕಾದ ಕಡೆ ಆ ಮಾತು ಕೆಲಸಕ್ಕೆ ಬಾರದು. ‘ವಾರಕ್ಕೆ ಮೀರಿ ಬೆಳೆದ ಮಗು’ ಆದೀತೇ?

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಈ ಎರಡು ಬಗೆಯ ಮಕ್ಕಳ ಬಗ್ಗೆ ತಾಯಂದಿರಿಗೆ ನೀವು ಬಾಯಲ್ಲಿ ಹೇಗೆ ಹೇಳುತ್ತೀರಿ?