ಮರಳಿನಲ್ಲಿ ಬಕೆಟ್: ಅದುಮಿ ಇಳಿಸಿದರೆ ಒಂಥರಾ, ನೀರು ಎಳೆದು ಇಳಿಸಿದರೆ ಇನ್ನೊಂಥರಾ. ಯಾಕೆ?

ಕ್ಯಾತ್ಸಂದ್ರದವನು:
ತುಮಕೂರಿನಲ್ಲಿ ಎಂ.ಟೆಕ್ ಎರಡನೇ ವರ್ಷ. ಪ್ರಾಜೆಕ್ಟು ಬಕೆಟ್ ಫೌಂಡೇಶನ್ ಮೇಲೆ. ಸಮುದ್ರದಲ್ಲಿ ಗಾಳಿಯಂತ್ರದ ಕೆಳಗೆ ಬೋರಲು ಹಾಕಿದ ಕೊಳಗದ ಹಾಗೆ ಉಕ್ಕಿನ ಬುನಾದಿ ಇರುತ್ತಲ್ಲ, ಅದು. ಸಮುದ್ರ ನೋಡಬೇಕಂದ್ರೆ ನಾನು ಘಟ್ಟ ಇಳಿಯಬೇಕು, ಗೈಡ್ ಯಾಕೆ ಈ ವಿಷಯ ಕೊಟ್ಟರೋ!

ನೀರು ತುಂಬಿದ ಮರಳಿನ ತೊಟ್ಟಿ. ಬಕೆಟ್ಟಿನ ಒಳ ಅಗಲ 20 ಸೆಂ.ಮೀ., ಎತ್ತರ 20, ತಗಡು 3 ಮಿ.ಮೀ. ಮೊದಲು ಜಾಕ್ ಹಾಕಿ ಅದುಮಿದೆ. ಇಳಿಸುವಷ್ಟರಲ್ಲಿ ಸುಸ್ತಾಯಿತು. ಆಮೇಲೆ ಮರಳು ಹೊಸದಾಗಿ ಸುರಿದು, ಮುಚ್ಚಳದ ತೂತಿಗೆ ಪೈಪ್ ಕೂರಿಸಿ ಪಂಪಿನಿಂದ ಒಳಗಿನ ನೀರು ಎಳೆದೆ. ಸಲೀಸಾಗಿ ಇಳಿಯಿತು, ಆದರೆ 18 ಸೆಂ.ಮೀ.ಗೆ ನಿಂತೇ ಬಿಟ್ಟಿತು. ಒಳಗಿನ ಮರಳು ಉಬ್ಬಿ ಮುಚ್ಚಳಕ್ಕೆ ತಾಗಿದೆ. ಪಂಪ್ ಜೋರು ಮಾಡಿದೆ, ಪೈಪಿನಲ್ಲಿ ಮರಳೇ ಬಂತು. ಭಾರ ಹೇರಿ ನೋಡುವ ಲೋಡ್ ಟೆಸ್ಟ್ ಯಾವುದರ ಮೇಲೆ ಮಾಡಲಿ, ಅದುಮಿದ್ದರ ಮೇಲೋ ಎಳೆದಿಳಿಸಿದ್ದರ ಮೇಲೋ?

ಸೇತುವೆ ಕೆಲಸದವನು:
ನೀರಿನ ದಾರಿ ನೋಡಿ. ಒಳಗೆ ಎಳೆದಾಗ ಹೊರಗಿನ ನೀರು ತಗಡಿನ ಪಕ್ಕ ಕೆಳಗಿಳಿದು, ತುದಿ ಬಳಸಿ, ಒಳಗೆ ಮೇಲೇರುತ್ತದೆ. ಮೇಲೇರುವ ನೀರು ಮರಳಿನ ಕಣಗಳನ್ನು ಎತ್ತಿ ಹಿಡಿಯುತ್ತದೆ. ತುದಿಯ ಅಡ್ಡಿ ಕಡಿಮೆ, ಅದಕ್ಕೇ ಸಲೀಸು. ಹೊರಗಡೆ ಉಲ್ಟಾ: ಇಳಿಯುವ ನೀರು ಮರಳನ್ನು ಒತ್ತುತ್ತದೆ. ನೀರೊಳಗಿನ ಮರಳಿನ ತೂಕ ಹೆಚ್ಚುಕಮ್ಮಿ ಅಷ್ಟೇ ಗಾತ್ರದ ನೀರಿನ ತೂಕದಷ್ಟು. ಹಾಗಾಗಿ ಒಂದು ಸೆಂ.ಮೀ. ಮರಳಿಗೆ ಒಂದು ಸೆಂ.ಮೀ. ನೀರಿನ ಒತ್ತಡ ವ್ಯತ್ಯಾಸವಾದರೆ ಮರಳು ‘ಕುದಿಯುತ್ತದೆ’, ಅಂದರೆ ಕಣಗಳು ಹಿಡಿತ ಬಿಟ್ಟು ನೀರಿನಲ್ಲಿ ತೇಲಾಡುತ್ತವೆ. ನಿಮಗೆ ಆಗಿದ್ದು ಅದೇ.

ಉಬ್ಬಿದ್ದನ್ನು ಲೆಕ್ಕ ಹಾಕಿ. ತಗಡು ತಳ್ಳಿದ ಮರಳೆಲ್ಲ ಒಳಗೇ ಹೋಯಿತು ಅಂದರೂ ಏರಿಕೆ 1.1 ಸೆಂ.ಮೀ. ಮಾತ್ರ. ನಿಮ್ಮದು 2. ಮಿಕ್ಕ 0.9 ಮರಳು ಸಡಿಲವಾಗಿದ್ದಕ್ಕೆ, ಅಂದರೆ ಸುಮಾರು ನೂರಕ್ಕೆ ಐದು ಪಾಲು. ಇದು ಜಾಸ್ತಿನೇ. ಜಾಕ್‌ನಲ್ಲಿ ನೀರಿನ ಈ ಸಹಾಯ ಇಲ್ಲ, ತಗಡು ಎರಡೂ ಕಡೆ ಮರಳನ್ನು ಒತ್ತರಿಸಿಕೊಂಡೇ ಇಳಿಯಬೇಕು.

ಟೆಸ್ಟ್ ಎಳೆದಿಳಿಸಿದ್ದರ ಮೇಲೇ ಮಾಡಿ. ಸಮುದ್ರದಲ್ಲಿ ಇಳಿಸುವುದು ಹಾಗೇ ತಾನೇ? 1994ರಲ್ಲಿ ಉತ್ತರ ಸಮುದ್ರದ ದ್ರೌಪ್ನರ್ ಎಂಬ ಗ್ಯಾಸ್ ಪೈಪ್‌ಲೈನ್ ವೇದಿಕೆಯನ್ನು ಗಟ್ಟಿ ಮರಳಿನಲ್ಲಿ ಇಂಥ ಬಕೆಟ್ಟುಗಳ ಮೇಲೇ ನಿಲ್ಲಿಸಿದರು. 1995ರ ಜನವರಿ 1ರಂದು ಸುಮಾರು 25.6 ಮೀಟರ್ ಅಲೆ ಬಡಿದದ್ದು ಅದಕ್ಕೇ. ನಿಂತುಕೊಂಡಿತು.

ಕೊರಟಗೆರೆ ರೈತ:
ನಿಮ್ಮ ಬಕೆಟ್ ಗೊತ್ತಿಲ್ಲ ಸ್ವಾಮಿ, ಮರಳು ಕುದಿಯೋದು ಗೊತ್ತು. ಜಯಮಂಗಲಿ ದಂಡೆಯಲ್ಲಿ ನಮ್ಮದು ರಿಂಗ್ ಬಾವಿ. ಒಂದು ಬೇಸಿಗೆ ದೊಡ್ಡ ಮೋಟಾರ್ ಇಟ್ಟು ಒಂದೇ ಸಮ ನೀರೆತ್ತಿದೆ. ತಳದಿಂದ ಮರಳು ರಾಗಿ ಅಂಬಲಿ ಕೊತಕೊತ ಅಂದ ಹಾಗೆ ಎದ್ದು ಬಂತು. ಬೆಳಗ್ಗೆ ನೋಡಿದರೆ ಸುತ್ತ ನೆಲ ಕುಸಿದು, ಮೇಲಿನ ರಿಂಗು ವಾಲಿತ್ತು. ಈಗ ಚಿಕ್ಕ ಮೋಟಾರ್, ಬಿಟ್ಟು ಬಿಟ್ಟು ಓಡಿಸುತ್ತೇನೆ.

ಕ್ಯಾತ್ಸಂದ್ರದವನು:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಪಂಪಿಗೆ ವಾಲ್ವ್ ಹಾಕಿ ನಿಧಾನ ಎಳೆದೆ. 18.7ರ ತನಕ ಇಳಿಯಿತು, ಪೈಪಿನಲ್ಲಿ ಮರಳು ಬರಲಿಲ್ಲ. ಮುಚ್ಚಳದ ತೂತಿನಿಂದ ಸೈಕಲ್ ಕಡ್ಡಿ ಚುಚ್ಚಿದೆ, ಒಂದೇ ಬೆರಳಿಗೆ ಹೋಯಿತು. ಹೊರಗೆ ತಗಡಿನ ಪಕ್ಕ ಚುಚ್ಚಿದರೆ ಕಡ್ಡಿಯೇ ಬಗ್ಗಿತು. ಗೈಡ್‌ಗೆ ತೋರಿಸಿದೆ, ‘ಕಡ್ಡಿ ಕಥೆ ರಿಪೋರ್ಟಿನಲ್ಲಿ ಬರೀಬೇಡಪ್ಪ’ ಅಂದರು.

ಸೇತುವೆ ಕೆಲಸದವನು:
ಬರೀರಿ. ಕಡ್ಡಿಯ ದಪ್ಪ ಎಷ್ಟು ಅಂತಾನೂ ಬರೀರಿ.