ಭೂಕಂಪ ಆಗಿ ರೈಲು ನಿಂತರೆ, ನಡೆದು ಹೋಗಲು ಎಂಥ ಶೂ ಬೇಕು?

ಪ್ರಶ್ನೆ: ನಮಸ್ಕಾರ ಅಕ್ಕ. ಟೋಕಿಯೋಗೆ ಬಂದು ಐದು ತಿಂಗಳಾಯಿತು. ಆಫೀಸು ಶಿಂಜುಕುನಲ್ಲಿ, ಮನೆ ನಿಶಿ-ಕಸಾಯ್‌ನಲ್ಲಿ. ಆಫೀಸಿಗೆ ಹಾಕುವುದು ತೆಳು ಸೋಲಿನ ಬೆಲ್ಲಿ ಶೂ. ಹೊಸ ಟ್ರೆಕ್ಕಿಂಗ್ ಬೂಟು ತಂದು ಡೆಸ್ಕ್ ಕೆಳಗೆ ಇಟ್ಟರೆ ಸಾಕಾ? ನೀವು ಫಿಸಿಯೋಥೆರಪಿಸ್ಟ್, 2011ರ ದೊಡ್ಡ ಭೂಕಂಪದಲ್ಲೂ ಇಲ್ಲೇ ಇದ್ದಿರಿ ಅಂತ ಕೇಳುತ್ತಿದ್ದೇನೆ.

ಉತ್ತರ: ಡೆಸ್ಕ್ ಕೆಳಗೆ ಇಡಿ, ಆದರೆ ಹೊಸದನ್ನು ಇಡಬೇಡಿ. ನಿಮ್ಮದು ಸುಮಾರು 17 ಕಿಲೋಮೀಟರ್ ದಾರಿ. ಮಧ್ಯೆ ಅರಕಾವಾ ನದಿಯ ಉದ್ದದ ಸೇತುವೆ ಬೇರೆ. ಪಳಗದ ಬೂಟು ಅರ್ಧ ದಾರಿಗೇ ಬೊಬ್ಬೆ ಎಬ್ಬಿಸುತ್ತದೆ.

2011ರ ಮಾರ್ಚ್ 11, ಮಧ್ಯಾಹ್ನ 2.46. ರೈಲೆಲ್ಲ ನಿಂತು, ಟೋಕಿಯೋ ಸುತ್ತಮುತ್ತ ಸುಮಾರು 50 ಲಕ್ಷ ಜನ ಮನೆ ಸೇರಲಾಗದೆ ಸಿಕ್ಕಿಕೊಂಡರು. ನಾನು ಆಫೀಸ್ ಶೂನಲ್ಲೇ ಹೊರಟೆ. ಫುಟ್‌ಪಾತ್ ಮೇಲೆ ಹೆಜ್ಜೆ ಇಡಲು ಜಾಗವಿರಲಿಲ್ಲ. ಎರಡು ಗಂಟೆಯೊಳಗೆ ಹಿಮ್ಮಡಿ ಸುಲಿದು, ಕಾಲುಚೀಲ ಗಾಯಕ್ಕೆ ಅಂಟಿತ್ತು.

ನಿಮಗೆ ಬೇಕಾದದ್ದು ಲೇಸ್ ಇರುವ, ದಪ್ಪ ಸೋಲಿನ ವಾಕಿಂಗ್ ಶೂ. ಸಂಜೆ ಕಾಲು ಸ್ವಲ್ಪ ಊದಿರುತ್ತದಲ್ವಾ, ಆಗ ಹಾಕಿ ನೋಡಿ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು. ಮೂರ್ನಾಲ್ಕು ವಾರ ಅದರಲ್ಲೇ ಓಡಾಡಿ, ಆಮೇಲೆ ಆಫೀಸಿನಲ್ಲಿಡಿ. ಒಳಗೆ ಎರಡು ಜೊತೆ ಕಾಲುಚೀಲ ತುರುಕಿ. ರಸ್ತೆಯಲ್ಲಿ ಗಾಜು ಬಿದ್ದಿರುತ್ತದೆ. ತೆಳು ಉಕ್ಕಿನ ತಗಡಿರುವ ಇನ್‌ಸೋಲ್ (ಶೂ ಒಳಗೆ ಹಾಸುವ ಪದರ) ಇಲ್ಲಿ ಕೆಲಸಗಾರರ ಬಟ್ಟೆ ಅಂಗಡಿಯಲ್ಲಿ ಸಿಗುತ್ತದೆ, ಹಾಕಿಸಿಕೊಂಡರೆ ಒಳ್ಳೆಯದು.

ಇನ್ನೊಂದು ಮಾತು. ವರ್ಷಗಟ್ಟಲೆ ಸುಮ್ನೆ ಇಟ್ಟ ಶೂ ನಂಬಬೇಡಿ. ಪಾಲಿಯುರಿಥೇನ್ ಎಂಬ ಮೆತ್ತನೆ ಪ್ಲಾಸ್ಟಿಕ್ಕಿನ ಸೋಲ್ ಇಲ್ಲಿನ ತೇವಕ್ಕೆ ಒಳಗೊಳಗೇ ಹಾಳಾಗಿ, ನಡೆಯುವಾಗ ರೊಟ್ಟಿಯ ಹಾಗೆ ಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಹಾಕಿ ನಡೆಯಿರಿ.

ಪ್ರಶ್ನೆ: ಕಂಪನ ನಿಂತ ಕೂಡಲೇ ಹೊರಡಬೇಕಾ ಅಕ್ಕ?

ಉತ್ತರ: ಬೇಡಮ್ಮ. ಎಲ್ಲರೂ ಒಟ್ಟಿಗೆ ರಸ್ತೆಗಿಳಿದರೆ ಆಂಬುಲೆನ್ಸ್‌ಗೂ ದಾರಿಯಿರುವುದಿಲ್ಲ. ಟೋಕಿಯೋದಲ್ಲಿ 2013ರ ಏಪ್ರಿಲ್‌ನಿಂದ ಇದಕ್ಕೊಂದು ನಿಯಮವೇ ಇದೆ. ಕಂಪನಿಗಳು ಸಿಬ್ಬಂದಿಯನ್ನು ಕೂಡಲೇ ಮನೆಗೆ ಕಳಿಸದೆ, ಮೂರು ದಿನಕ್ಕಾಗುವಷ್ಟು ನೀರು, ಊಟ ಇಟ್ಟಿರಬೇಕು ಅಂತ. ನಿಮ್ಮ ಆಫೀಸಿನಲ್ಲಿ ಅದು ಎಲ್ಲಿದೆ ಅಂತ ನಾಳೆಯೇ ಕೇಳಿ.

ಪ್ರಶ್ನೆ: ರಾತ್ರಿ ಮನೆಯಲ್ಲಿದ್ದಾಗ ಆದರೆ?

ಉತ್ತರ: ಇಲ್ಲಿ ಶೂ ಬಾಗಿಲ ಬಳಿ ಇರುತ್ತದೆ, ನೀವು ಬರಿಗಾಲಲ್ಲಿ ಮಲಗಿರುತ್ತೀರಿ. 1995ರಲ್ಲಿ ಕೋಬೆಯಲ್ಲಿ ಭೂಕಂಪವಾದಾಗ ಬೆಳಗಿನ 5.46. ಕತ್ತಲಲ್ಲಿ ಒಡೆದ ಗಾಜು ತುಳಿದು ಕಾಲು ಕೊಯ್ದುಕೊಂಡವರು ಎಷ್ಟೋ ಜನ. ಒಂದು ಹಳೇ ಶೂ, ಒಂದು ಟಾರ್ಚು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮಂಚದ ಕಾಲಿಗೆ ಬಿಗಿಯಿರಿ. ಚೀಲ ಜಾರಿ ಹೋಗುವುದಿಲ್ಲ, ಶೂ ಒಳಗೆ ಗಾಜಿನ ಚೂರೂ ಬೀಳುವುದಿಲ್ಲ.