ಹಳೆಯ ಬಯಾಸ್, ದೊಡ್ಡ ಡಿಸ್ಕ್: ಹೊಸ ಕರ್ನಲ್ ಮಾತ್ರ ಬೂಟ್ ಆಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಪೆಂಟಿಯಂ 4 ಕಾಲದ ಡೆಸ್ಕ್‌ಟಾಪ್‌ನಲ್ಲಿದ್ದ 40 ಜಿಬಿ ಐಡಿಇ ಡಿಸ್ಕ್ ತೆಗೆದು 320 ಜಿಬಿಯದು ಹಾಕಿದ್ದೇನೆ. ಮೊದಲ 100 ಜಿಬಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇದೆ. ಉಳಿದದ್ದು ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಒಳಗೆ ಇನ್ನಷ್ಟು ಭಾಗ ಮಾಡಬಹುದಾದದ್ದು), ಅದರೊಳಗೆ ಡೆಬಿಯನ್ 12 ಲಿನಕ್ಸ್ ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ). ಇಷ್ಟು ದಿನ ಎರಡೂ ಸರಿಯಾಗಿಯೇ ಓಡುತ್ತಿದ್ದವು. ಕರ್ನಲ್ (ಲಿನಕ್ಸ್‌ನ ಮೂಲ ಪ್ರೋಗ್ರಾಂ) ಅಪ್‌ಡೇಟ್ ಆದಮೇಲೆ ಗ್ರಬ್ (ಯಾವ ಸಿಸ್ಟಂ ಬೂಟ್ ಮಾಡಬೇಕೆಂದು ಕೇಳುವ ಬೂಟ್ ಲೋಡರ್) ಮೆನು ಬರುತ್ತದೆ, ಆದರೆ ಹೊಸ ಕರ್ನಲ್ ಆರಿಸಿದರೆ 'ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್' ಎಂದು ನಿಂತುಬಿಡುತ್ತದೆ. ಹಳೆಯ ಕರ್ನಲ್ ಆರಿಸಿದರೆ ಸಲೀಸಾಗಿ ಏಳುತ್ತದೆ. ಬಯಾಸ್ (ಯಂತ್ರ ಆನ್ ಆದೊಡನೆ ಓಡುವ ಮದರ್‌ಬೋರ್ಡ್‌ನ ಪ್ರೋಗ್ರಾಂ) ಈ ಡಿಸ್ಕನ್ನು 137 ಜಿಬಿ ಎಂದು ತೋರಿಸುತ್ತದೆ, ಲಿನಕ್ಸ್ ಒಳಗೆ ಪೂರ್ತಿ 320 ಕಾಣುತ್ತದೆ. ಡಿಸ್ಕ್ ಕೆಟ್ಟಿದೆಯೇ? ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ದಯವಿಟ್ಟು ಏನನ್ನೂ ಅಳಿಸಬೇಡಿ. ಡಿಸ್ಕ್ ಕೆಟ್ಟಿರುವ ಲಕ್ಷಣ ಇದಲ್ಲ. ನೀವು ಬರೆದ 137 ಎಂಬ ಅಂಕಿಯಲ್ಲೇ ಕಾರಣವಿದೆ.

ಆ ಕಾಲದ ಅನೇಕ ಬಯಾಸ್‌ಗಳು ಸೆಕ್ಟರ್‌ಗಳನ್ನು (ಡಿಸ್ಕ್‌ನ ಚಿಕ್ಕ ತುಣುಕುಗಳನ್ನು) 28 ಬಿಟ್‌ಗಳಲ್ಲಿ ಎಣಿಸುತ್ತವೆ. ಅಂದರೆ 26.8 ಕೋಟಿ ಸೆಕ್ಟರ್. ಒಂದೊಂದಕ್ಕೆ 512 ಬೈಟ್‌ನಂತೆ ಲೆಕ್ಕ ಹಾಕಿದರೆ 137 ಜಿಬಿ. ಅದರಾಚೆ ಏನಿದ್ದರೂ ಬಯಾಸ್‌ಗೆ ಕಾಣುವುದಿಲ್ಲ. ಗ್ರಬ್ ಸಾಮಾನ್ಯವಾಗಿ ತನ್ನದೇ ಡ್ರೈವರ್ ಇಟ್ಟುಕೊಂಡು ಡಿಸ್ಕ್ ಓದುವುದಿಲ್ಲ, ಬಯಾಸ್ ಮೂಲಕವೇ ಓದುತ್ತದೆ. ಹಾಗಾಗಿ ಬಯಾಸ್‌ನ ಮಿತಿಯೇ ಗ್ರಬ್‌ನ ಮಿತಿ. ಕರ್ನಲ್ ಒಮ್ಮೆ ಮೆಮೊರಿಗೆ ಬಂತೆಂದರೆ ಬಯಾಸ್‌ನ ಹಂಗು ತೀರಿತು. ಅದು ಸ್ವಂತ ಡ್ರೈವರ್‌ನಿಂದ ಇಡೀ ಡಿಸ್ಕನ್ನು ನೋಡುತ್ತದೆ. ನಿಮಗೆ 320 ಕಾಣುವುದು ಅದಕ್ಕೇ.

ಮೊದಲು ಹಾಕಿದ ಕರ್ನಲ್ ಅದೃಷ್ಟವಶಾತ್ 137ರ ಒಳಗೆ ಬಿದ್ದಿತ್ತು. ಅಪ್‌ಡೇಟ್‌ನಲ್ಲಿ ಬಂದ ಕರ್ನಲ್ ಅಥವಾ ಅದರ ಇನಿಟ್‌ರ‍್ಯಾಮ್ ಫೈಲು (ಬೂಟ್ ಆರಂಭದಲ್ಲಿ ಕರ್ನಲ್‌ಗೆ ಬೇಕಾಗುವುದು) 137ರ ಗೆರೆಯಾಚೆ ಹೋಗಿ ಕೂತಿದೆ. ಮುಂದಿನ ಅಪ್‌ಡೇಟ್‌ನಲ್ಲಿ ಗ್ರಬ್‌ನ ಫೈಲುಗಳೇ ಆಚೆ ಹೋದರೆ ಮೆನು ಕೂಡ ಬರುವುದಿಲ್ಲ, 'ಗ್ರಬ್ ರೆಸ್ಕ್ಯೂ' ಎಂಬ ಕಮಾಂಡ್ ಸಾಲಷ್ಟೇ ಬರುತ್ತದೆ. ಆದ್ದರಿಂದ ತಡ ಮಾಡದೆ ಸರಿಪಡಿಸಿಕೊಳ್ಳಿ.

ಬೇಕಾಗಿರುವುದು ಇಷ್ಟೇ: 137 ಜಿಬಿಯ ಒಳಗೆ 1 ಜಿಬಿಯ ಪ್ರತ್ಯೇಕ ಬೂಟ್ ಪಾರ್ಟಿಷನ್ (ಕರ್ನಲ್, ಗ್ರಬ್ ಫೈಲುಗಳನ್ನಿಡುವ ಜಾಗ). ನಿಮ್ಮ ಡಿಸ್ಕ್‌ನಲ್ಲಿ ಎಕ್ಸ್‌ಪಿಯ ಬಾಲದಲ್ಲೇ ಅದಕ್ಕೆ ಜಾಗ ಮಾಡಬಹುದು. ಮುಖ್ಯ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ. ಎಕ್ಸ್‌ಪಿಯಲ್ಲಿ ಡಿಸ್ಕ್ ತಪಾಸಣೆ ನಡೆಸಿ ಪೂರ್ತಿ ಶಟ್‌ಡೌನ್ ಮಾಡಿ. ನಂತರ ಜಿಪಾರ್ಟೆಡ್ (ಪಾರ್ಟಿಷನ್ ಬದಲಿಸುವ ಪ್ರೋಗ್ರಾಂ) ಲೈವ್ ಸಿಡಿಯಿಂದ ಎದ್ದು ಎಕ್ಸ್‌ಪಿ ಪಾರ್ಟಿಷನ್ನಿನ ಕೊನೆಯ ಅಂಚನ್ನಷ್ಟೇ 1 ಜಿಬಿ ಹಿಂದಕ್ಕೆ ಎಳೆಯಿರಿ. ಆರಂಭದ ಅಂಚನ್ನು ಮುಟ್ಟಲೇಬೇಡಿ, ಅದು ಸರಿದರೆ ಎಕ್ಸ್‌ಪಿ ಬೂಟ್ ಆಗದೇ ಹೋಗಬಹುದು. ಖಾಲಿಯಾದ ಜಾಗದಲ್ಲಿ ಪ್ರೈಮರಿ ಪಾರ್ಟಿಷನ್ ಮಾಡಿ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಫಾರ್ಮ್ಯಾಟ್ ಮಾಡಿ. ಅದಕ್ಕೆ 3ನೇ ಸಂಖ್ಯೆ ಬರುತ್ತದೆ. ಡಿಸ್ಕ್‌ನಲ್ಲಿ 2ನೆಯದಾದ ಎಕ್ಸ್‌ಟೆಂಡೆಡ್ ಪಾರ್ಟಿಷನ್‌ಗಿಂತ ಮುಂಚೆ ಇದ್ದರೂ ತೊಂದರೆಯಿಲ್ಲ.

ಈಗ ಹಳೆಯ ಕರ್ನಲ್‌ನಿಂದ ಡೆಬಿಯನ್‌ಗೆ ಬನ್ನಿ. ಬೂಟ್ ಫೋಲ್ಡರ್‌ನಲ್ಲಿರುವುದನ್ನೆಲ್ಲ ಹೊಸ ಪಾರ್ಟಿಷನ್‌ಗೆ ನಕಲಿಸಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಲ್ಲಿ) ಅದರ ಯುಯುಐಡಿ (ಗುರುತಿನ ಸಂಖ್ಯೆ) ಸೇರಿಸಿ, ಬೂಟ್ ಫೋಲ್ಡರ್‌ಗೆ ಮೌಂಟ್ ಮಾಡಿ (ಜೋಡಿಸಿ). ಆಮೇಲೆ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಕಮಾಂಡ್‌ಗಳನ್ನು ಓಡಿಸಿ. ಗ್ರಬ್ ಹಾಕುವಾಗ ಡಿಸ್ಕ್‌ನ ಹೆಸರು ಕೊಡಿ, ಪಾರ್ಟಿಷನ್ ಸಂಖ್ಯೆ ಕೊಡಬೇಡಿ.

ಇನ್ನೊಂದು ಮಾತು, ಇದು ನಿಜಕ್ಕೂ ಮುಖ್ಯ. ನಿಮ್ಮ ಎಕ್ಸ್‌ಪಿಯಲ್ಲಿ ಸರ್ವಿಸ್ ಪ್ಯಾಕ್ 1 ಅಥವಾ ನಂತರದ್ದು ಇದೆಯೇ ನೋಡಿ. ಮೊದಲ ಆವೃತ್ತಿಗೂ ಇದೇ 137ರ ಮಿತಿಯಿತ್ತು. ಅದರಿಂದ ಗೆರೆಯಾಚೆಯ ಪಾರ್ಟಿಷನ್‌ಗಳಿಗೆ ಬರೆಯಲು ಹೋದರೆ ಡೇಟಾ ಹಾಳಾಗುವ ಅಪಾಯವಿದೆ.

ಪ್ರಶ್ನೆ (ಅದೇ ಸದಸ್ಯರು): ಸರ್ವಿಸ್ ಪ್ಯಾಕ್ 3 ಇದೆ ಸರ್. ಹೇಗೂ ಕೈಹಾಕುತ್ತಿದ್ದೇನೆ, ಜಿಪಿಟಿಗೆ (ಹೊಸ ಬಗೆಯ ಪಾರ್ಟಿಷನ್ ಪಟ್ಟಿಗೆ) ಬದಲಾಯಿಸಿಬಿಡಲೇ? ನಾಲ್ಕೇ ಪ್ರೈಮರಿ ಎಂಬ ಕಟ್ಟು ಹೋಗುತ್ತದಲ್ಲ.

ಉತ್ತರ: ಬೇಡ. 32 ಬಿಟ್ ಎಕ್ಸ್‌ಪಿ ಜಿಪಿಟಿ ಡಿಸ್ಕನ್ನು ಓದುವುದೇ ಇಲ್ಲ. ಎಂಬಿಆರ್‌ನ (ನಿಮ್ಮ ಡಿಸ್ಕ್‌ನಲ್ಲಿರುವ ಹಳೆಯ ಬಗೆಯ ಪಾರ್ಟಿಷನ್ ಪಟ್ಟಿಯ) ಮಿತಿ ಸುಮಾರು 2 ಟಿಬಿ, ನೀವು ಅದರ ಹತ್ತಿರವೂ ಇಲ್ಲ. ಲಿನಕ್ಸ್ ಒಂದೇ ಇರುವ ಹಳೆಯ ಯಂತ್ರದಲ್ಲಿ ಜಿಪಿಟಿ ಹಾಕಬಹುದು. ಆಗ ಗ್ರಬ್‌ಗಾಗಿ 1 ಎಂಬಿಯ 'ಬಯಾಸ್ ಬೂಟ್' ಪಾರ್ಟಿಷನ್ ಬಿಡಬೇಕು, ಅದನ್ನು ಫಾರ್ಮ್ಯಾಟ್ ಮಾಡಬಾರದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನ್ನದು ಬೇರೆ ಕಂಪ್ಯೂಟರ್. ಅದರಲ್ಲಿ ಗ್ರಬ್ ಹಾಕಲು ಹೋದರೆ 'ಎಂಬೆಡಿಂಗ್ ಏರಿಯಾ' ಚಿಕ್ಕದು ಎನ್ನುತ್ತದೆ. ಲಿನಕ್ಸ್ ಎಲ್‌ವಿಎಂ (ಪಾರ್ಟಿಷನ್‌ಗಳ ಮೇಲೆ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಮೇಲಿದೆ.

ಉತ್ತರ: ಎಕ್ಸ್‌ಪಿ ಮಾಡಿದ ಮೊದಲ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ ಶುರುವಾಗುತ್ತದೆ. ಎಂಬಿಆರ್‌ಗೂ (ಡಿಸ್ಕ್‌ನ ಮೊದಲ ಸೆಕ್ಟರ್‌ಗೂ) ಅದಕ್ಕೂ ನಡುವೆ ಉಳಿಯುವುದು 62 ಸೆಕ್ಟರ್, ಅಂದರೆ 31 ಕೆಬಿ. ಗ್ರಬ್‌ನ ತಿರುಳು ಕೂರಬೇಕಾದದ್ದು ಅಲ್ಲೇ. ಎಲ್‌ವಿಎಂ ಓದುವ ಮಾಡ್ಯೂಲೂ ಸೇರಿದಾಗ ಅದು ಅಲ್ಲಿ ಹಿಡಿಸುತ್ತಿಲ್ಲ. ಬೂಟ್ ಪಾರ್ಟಿಷನ್ ಅನ್ನು ಎಲ್‌ವಿಎಂನಿಂದ ಹೊರಗೆ, ಸಾದಾ ಇಎಕ್ಸ್‌ಟಿ4ನಲ್ಲಿಡಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಈಗಿನ ಉಪಕರಣಗಳು 2048ನೇ ಸೆಕ್ಟರ್‌ನಿಂದ ಆರಂಭಿಸುವುದರಿಂದ ಹೊಸದಾಗಿ ಮಾಡಿದ ಡಿಸ್ಕ್‌ಗಳಲ್ಲಿ ಈ ಇಕ್ಕಟ್ಟಿಲ್ಲ.

ಪ್ರಶ್ನೆ (ಮೊದಲಿನ ಸದಸ್ಯರು): ಸರ್, ಹೊಸ ಕರ್ನಲ್ ಎದ್ದಿತು! ತುಂಬ ಧನ್ಯವಾದ. ಮುಂದೆ ಎಕ್ಸ್‌ಪಿ ಮತ್ತೆ ಹಾಕಬೇಕಾಗಿ ಬಂದರೆ ಇದೆಲ್ಲ ಹೋಗುತ್ತದೆಯೇ?

ಉತ್ತರ: ಸಂತೋಷವಾಯಿತು. ಎಕ್ಸ್‌ಪಿಯನ್ನು ಅದರದೇ ಪಾರ್ಟಿಷನ್‌ನಲ್ಲಿ ಹಾಕಿದರೆ ಅಳಿಯುವುದು ಮೊದಲ ಸೆಕ್ಟರ್‌ನ ಬೂಟ್ ಕೋಡ್ ಮಾತ್ರ, 446 ಬೈಟ್. ಲೈವ್ ಸಿಡಿಯಿಂದ ಗ್ರಬ್ ಮತ್ತೆ ಹಾಕಿಕೊಳ್ಳಿ. ಮೊದಲ ಸೆಕ್ಟರ್‌ನ ಪ್ರತಿ ಈಗಲೇ ತೆಗೆದಿಡುವುದಾದರೆ ಒಂದು ಎಚ್ಚರ: ಹಿಂದಿರುಗಿಸುವಾಗ ಆ 446 ಬೈಟ್‌ಗಳನ್ನಷ್ಟೇ ಬರೆಯಿರಿ. ನಂತರದ 64 ಬೈಟ್ ಪಾರ್ಟಿಷನ್ ಟೇಬಲ್. ಈ ನಡುವೆ ನೀವು ಪಾರ್ಟಿಷನ್ ಬದಲಿಸಿದ್ದರೆ ಹಳೆಯ ಟೇಬಲ್ ಅದನ್ನು ಮುಚ್ಚಿಹಾಕುತ್ತದೆ.